ಹೇಳೋದಿದ್ರೆ ಮಾತ್ರ ಹೇಳು: ಕಬ್ಬಿನ ಗದ್ದೆಯ ಆರು ನೋಡ್‌ಗಳ ಕಥೆ

ಅಪ್ಪ ಫೋನ್ ಮಾಡುವುದು ಅಪರೂಪ. ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ, ಅವರು ಶ್ರೀರಂಗಪಟ್ಟಣದ ಆಚೆ ನಮ್ಮ ಊರಿನಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನಾ ರಾತ್ರಿ ಎಂಟಕ್ಕೆ ನಾನೇ ಫೋನ್ ಮಾಡುತ್ತಿದ್ದೆ. "ಏನ್ ಸಮಾಚಾರ?" "ಏನೂ ಇಲ್ಲ ಕಣಪ್ಪ." "ಊಟ ಆಯ್ತಾ?" "ಆಯ್ತು." ಅಷ್ಟಕ್ಕೆ ಮುಗಿಯುತ್ತಿತ್ತು. ಒಂದು ದಿನ ಅವರೇ ಹೇಳಿದರು, "ಏನಾದ್ರೂ ಇದ್ರೆ ನಾನೇ ಮಾಡ್ತೀನಿ ಬುಡು. ಮಾಡ್ಲಿಲ್ಲ ಅಂದ್ರೆ ಎಲ್ಲ ಸರಿಯಾಗದೆ ಅಂತ ತಿಳ್ಕೊ." ಅವತ್ತಿನಿಂದ ಅವರ ಫೋನ್ ಬಂತು ಅಂದರೆ ವಿಷಯ ಇದೆ ಅಂತಲೇ ಅರ್ಥ. ನಾಲೆಗೆ ನೀರು ಬಿಟ್ಟರು. ಹಸು ಕರು ಹಾಕಿತು. ಮೋಟರ್ ಸುಟ್ಟಿತು.

ಆ ಎರಡನೇ ವಾಕ್ಯ ಇದೆಯಲ್ಲ, ಮಾಡಲಿಲ್ಲ ಅಂದರೆ ಎಲ್ಲ ಸರಿ ಇದೆ ಅನ್ನೋದು, ಅದರ ಮೇಲೆ ಕಂಟ್ರೋಲ್ ಎಂಜಿನಿಯರಿಂಗ್‌ನಲ್ಲಿ, ಅಂದರೆ ಯಂತ್ರಗಳು ತಾವೇ ಅಳೆದು ತಿದ್ದಿಕೊಳ್ಳುವ ಹಾಗೆ ಮಾಡುವ ಶಾಸ್ತ್ರದಲ್ಲಿ, ಒಂದು ದೊಡ್ಡ ವಿಷಯವೇ ನಿಂತಿದೆ. ಈವೆಂಟ್-ಟ್ರಿಗರ್ಡ್ ಕಂಟ್ರೋಲ್ ಅಂತ ಕರೆಯುತ್ತಾರೆ. ಎರಡು ವರ್ಷದಿಂದ ನಮ್ಮ ಕಬ್ಬಿನ ಗದ್ದೆಯಲ್ಲಿ ನಾನು ಇದನ್ನು ಮಾಡಿ ನೋಡುತ್ತಿದ್ದೇನೆ. ಕಲಿತದ್ದನ್ನು ಬರೆದಿಡೋಣ ಅನ್ನಿಸಿತು. ಇದರ ಬಗ್ಗೆ ಕನ್ನಡದಲ್ಲಿ ಹುಡುಕಿದಾಗ ನನಗೆ ಏನೂ ಸಿಗಲಿಲ್ಲ, ಆವಾಗ ಸಿಕ್ಕಿದ್ದರೆ ನನ್ನ ಎಷ್ಟೋ ರಾತ್ರಿ ಉಳಿಯುತ್ತಿತ್ತು.

ಮೊದಲು ಮಾಮೂಲಿ ದಾರಿ ಯಾವುದು ಅಂತ ಹೇಳುತ್ತೇನೆ. ಒಂದು ಸೆನ್ಸರ್ ಇದೆ ಅಂದುಕೊಳ್ಳಿ, ಮಣ್ಣಿನ ತೇವ ಅಳೆಯುತ್ತದೆ. ಪ್ರತಿ ನಿಮಿಷ ಅಳೆದು ಪ್ರತಿ ನಿಮಿಷ ಕಳಿಸು ಅಂತ ಬರೆಯುತ್ತೇವೆ. ದಿನಕ್ಕೆ 1440 ಸಲ. ಬಿಸಿಲಿನ ದಿನ ಮಣ್ಣು ನಿಧಾನವಾಗಿ ಒಣಗುತ್ತದೆ, ಒಂದು ನಿಮಿಷದಲ್ಲಿ ಏನೂ ಬದಲಾಗುವುದಿಲ್ಲ, ಆದರೂ ಸೆನ್ಸರ್ ರೇಡಿಯೋ ಹಚ್ಚಿ ಹೇಳಿದ್ದನ್ನೇ ಹೇಳುತ್ತದೆ. ನೀರು ಬಿಟ್ಟ ಆ ಹತ್ತು ನಿಮಿಷದಲ್ಲಿ ಮಾತ್ರ ತೇವ ಸರ್ರನೆ ಏರುತ್ತದೆ, ಆವಾಗ ನಿಮಿಷಕ್ಕೊಂದು ರೀಡಿಂಗ್ ಸಾಲುವುದೇ ಇಲ್ಲ. ಗಡಿಯಾರ ನೋಡಿ ಮಾತಾಡಿದರೆ ಹೀಗೇ ಆಗುವುದು. ಬೇಡದಾಗ ಜಾಸ್ತಿ, ಬೇಕಾದಾಗ ಕಡಿಮೆ.

ನಮ್ಮ ಕಡೆಯ ನೀರುಗಂಟಿಗಳು ಗಡಿಯಾರ ನೋಡಿ ಕೆಲಸ ಮಾಡಿದವರಲ್ಲ. ಕೆರೆ ಏರಿ ಮೇಲೆ ನಡೆದು, ನೀರು ಎಲ್ಲಿಯವರೆಗೆ ಬಂದಿದೆ ನೋಡಿ, ಯಾವ ಗದ್ದೆ ಒಣಗಿದೆ ನೋಡಿ, ಆಮೇಲೆ ತೂಬು ಎತ್ತುತ್ತಿದ್ದರು. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟ್‌ಗಳನ್ನೇ ತೆಗೆದುಕೊಳ್ಳಿ. 1903ರಲ್ಲಿ ಪುಣೆ ಹತ್ತಿರದ ಖಡಕವಾಸ್ಲಾ ಜಲಾಶಯದಲ್ಲಿ ಮೊದಲು ಹಾಕಿದರು, ಆ ಬಗೆಯ ಗೇಟ್ ಮುಂದೆ ಕೆಆರ್‌ಎಸ್‌ಗೂ ಬಂತು. ನೀರು ಒಂದು ಮಟ್ಟ ದಾಟಿದರೆ ಗೇಟ್ ತಾನಾಗಿ ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಯಾರೂ ಗಂಟೆಗೊಂದು ಸಲ ಹೋಗಿ ನೋಡುವ ಹಾಗಿಲ್ಲ. ನೀರೇ ಬಂದು ಹೇಳುತ್ತದೆ. ಮಂಡ್ಯದವರಿಗೆ ಈ ಲೆಕ್ಕ ಬೇರೆ ರೀತಿಯಲ್ಲೂ ಗೊತ್ತು. ಬೇಸಿಗೆಯಲ್ಲಿ ಕೆಆರ್‌ಎಸ್ ಮಟ್ಟ ಎಷ್ಟು ಅಂತ ದಿನಾ ಯಾರೂ ಕೇಳುವುದಿಲ್ಲ. ಜುಲೈನಲ್ಲಿ ಕೊಡಗಿನಲ್ಲಿ ಮಳೆ ಹಿಡಿದು ಮಟ್ಟ 124.80 ಅಡಿ ಹತ್ತಿರ ಬರುತ್ತಿದ್ದರೆ ಒಂದೊಂದು ಅಡಿಯೂ ಸುದ್ದಿ. ಟೀ ಅಂಗಡಿಯಲ್ಲಿ ಅದೇ ಮಾತು.

ಗಣಿತದವರು ಇದನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ತಡವಾಗಿ. ಸ್ವೀಡನ್ನಿನ ಕಾರ್ಲ್ ಯೋಹಾನ್ ಓಸ್ಟ್ರೋಮ್ ಮತ್ತು ಬೋ ಬರ್ನ್‌ಹಾರ್ಡ್‌ಸನ್ 1999ರಲ್ಲಿ ಒಂದು ಹೋಲಿಕೆ ಮಾಡಿದರು. ತೀರಾ ಸರಳವಾದ ಒಂದು ವ್ಯವಸ್ಥೆ, ಅದನ್ನು ಹೊರಗಿನಿಂದ ಏನೋ ಯದ್ವಾತದ್ವಾ ಅಲುಗಾಡಿಸುತ್ತಿದೆ, ನಾವು ಅದನ್ನು ಸೊನ್ನೆ ಹತ್ತಿರ ಇಡಬೇಕು. ಗಡಿಯಾರದ ಪ್ರಕಾರ ಅಳೆದು ತಿದ್ದುವುದು ಒಂದು ದಾರಿ, ಮಿತಿ ದಾಟಿದಾಗ ಮಾತ್ರ ತಿದ್ದುವುದು ಇನ್ನೊಂದು. ಎರಡರಲ್ಲೂ ಅಷ್ಟೇ ಒಳ್ಳೆ ಫಲ ಬೇಕು ಅಂದರೆ ಗಡಿಯಾರದವನು ಮೂರು ಪಟ್ಟು ಸಲ ಅಳೆಯಬೇಕು ಅಂತ ಲೆಕ್ಕ ಬಂತು. ಮೂರು ಪಟ್ಟು! ಮೊದಲ ಸಲ ಓದಿದಾಗ ನಾನು ಪೆನ್ ಹಿಡಿದು ಮತ್ತೆ ಲೆಕ್ಕ ಮಾಡಿದ್ದೆ. ಆಮೇಲೆ 2007ರಲ್ಲಿ ಪೌಲೋ ತಬುವಾಡಾ ಬರೆದ ಲೇಖನ ಬಂತು. ಯಾವಾಗ ಅಳತೆ ಕಳಿಸಬೇಕು ಅನ್ನುವುದಕ್ಕೆ ಅಲ್ಲೊಂದು ಸ್ಪಷ್ಟ ನಿಯಮ ಇದೆ, ಆ ನಿಯಮ ಪಾಲಿಸಿದರೆ ವ್ಯವಸ್ಥೆ ಕೈತಪ್ಪುವುದಿಲ್ಲ ಅನ್ನುವುದಕ್ಕೆ ಗಣಿತದ ಪುರಾವೆಯೂ ಇದೆ. ಈ ವಿಷಯಕ್ಕೆ ಜನ ಸೇರಿದ್ದು ಅಲ್ಲಿಂದ.

ಇದು ಒಂದೇ ಸೆನ್ಸರ್, ಒಂದೇ ಕಂಟ್ರೋಲರ್ ಇರುವ ಮಾತು. ನಮ್ಮ ಗದ್ದೆಯಲ್ಲಿ ಆರು ಇವೆ.

ಆರು ಯಾಕೆ ಅಂದರೆ, ನಮ್ಮದು ಉದ್ದನೆಯ ತುಂಡು. ಕಾಲುವೆ ಕಡೆ ಯಾವಾಗಲೂ ಜೌಗು, ಆಚೆ ತುದಿ ಬೇಗ ಒಣಗುತ್ತದೆ. ಒಂದು ಕಡೆ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ, ಹಾಗಾಗಿ ಆರು ಕಡೆ ಅಳೆದು ಸರಾಸರಿ ನೋಡಿ ವಾಲ್ವ್ ತೆಗೆಯಬೇಕು. ಎಲ್ಲ ಸೆನ್ಸರ್‌ಗಳೂ ಪಂಪ್ ಮನೆಯಲ್ಲಿರುವ ಒಂದು ಪೆಟ್ಟಿಗೆಗೆ ಹೇಳಿದರೆ ಮುಗಿಯಿತಲ್ಲ, ಅಂತ ನೀವು ಕೇಳಬಹುದು. ನಾನೂ ಮೊದಲು ಹಾಗೇ ಮಾಡಿದ್ದೆ. ಕಬ್ಬು ಮೊಣಕಾಲೆತ್ತರ ಇರುವವರೆಗೆ ಚೆನ್ನಾಗಿ ನಡೆಯಿತು. ಕಬ್ಬು ಆಳೆತ್ತರ ದಾಟಿದ ಮೇಲೆ ದೂರದ ಸೆನ್ಸರ್‌ಗಳು ಒಂದೊಂದಾಗಿ ಕಾಣೆಯಾದವು. ನನ್ನ ಅಗ್ಗದ ರೇಡಿಯೋ 2.4 ಗಿಗಾಹರ್ಟ್ಸ್‌ನದು, ನೀರು ತುಂಬಿದ ಎಲೆ ಆ ಅಲೆಯನ್ನು ಹೀರಿಕೊಳ್ಳುತ್ತದೆ. ಕೊನೆಗೆ ಪ್ರತಿ ನೋಡ್‌ಗೂ (ಸೆನ್ಸರ್, ರೇಡಿಯೋ ಸೇರಿದ ಒಂದೊಂದು ಘಟಕವನ್ನು ನೋಡ್ ಅನ್ನುತ್ತೇನೆ) ಪಕ್ಕದ ನೋಡ್ ಮಾತ್ರ ಕೇಳಿಸುತ್ತಿತ್ತು. ಒಂದಕ್ಕೆ ಎರಡು, ಎರಡಕ್ಕೆ ಒಂದು ಮತ್ತು ಮೂರು, ಹೀಗೆ.

ಪಕ್ಕದವರ ಜೊತೆ ಮಾತ್ರ ಮಾತಾಡಿ ಇಡೀ ಗದ್ದೆಯ ಸರಾಸರಿ ತಿಳಿಯಬಹುದಾ? ತಿಳಿಯಬಹುದು. ಇದಕ್ಕೇ ಕನ್ಸೆನ್ಸಸ್ ಅನ್ನುವುದು, ಅಂದರೆ ಒಮ್ಮತ. ಒಬ್ಬೊಬ್ಬರೂ ತಮ್ಮ ಅಂಕಿಯನ್ನು ಪಕ್ಕದವರ ಅಂಕಿಯ ಕಡೆಗೆ ಸ್ವಲ್ಪ ಸರಿಸಿಕೊಳ್ಳುತ್ತಾ ಹೋಗುವುದು, ಇಷ್ಟೇ ನಿಯಮ. ಹಕ್ಕಿ ಹಿಂಡಿನ ಗಣಿತವೂ ಇದರ ನೆಂಟ. 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಕಂಪ್ಯೂಟರಿನಲ್ಲಿ ಹಕ್ಕಿ ಹಿಂಡು ಹಾರಿಸಿದರು, 1995ರಲ್ಲಿ ವಿಚೆಕ್ ಮತ್ತು ಜೊತೆಗಾರರು ಅದನ್ನು ಭೌತಶಾಸ್ತ್ರದ ಮಾದರಿ ಮಾಡಿದರು, 2004ರಲ್ಲಿ ಓಲ್ಫಾತಿ-ಸಾಬರ್ ಮತ್ತು ಮರ್ರಿ ನೆಟ್‌ವರ್ಕ್‌ಗಳ ಒಮ್ಮತಕ್ಕೆ ಒಂದು ಚೌಕಟ್ಟು ಕೊಟ್ಟರು. ಸಂಜೆ ರಂಗನತಿಟ್ಟಿನ ಕಡೆ ಬೆಳ್ಳಕ್ಕಿ ಸಾಲು ಹೋಗುವುದನ್ನು ನೋಡುವಾಗ ನನಗೆ ಈಗ ಇದೆಲ್ಲಾ ನೆನಪಾಗುತ್ತದೆ.

ಕೈಯಲ್ಲೇ ಮಾಡಿ ನೋಡೋಣ. ಮೂರೇ ನೋಡ್: ಮೇಲಿನ ಗದ್ದೆ, ನಡು ಗದ್ದೆ, ಕೆಳಗಿನ ಗದ್ದೆ. ತೇವದ ಅಂಕಿ 12, 24, 54. ಮೊತ್ತ 90, ಸರಾಸರಿ 30. ಮೇಲಿನದಕ್ಕೂ ಕೆಳಗಿನದಕ್ಕೂ ನೇರ ಮಾತಿಲ್ಲ, ನಡುವಿನವನ ಮೂಲಕವೇ ಎಲ್ಲ. ಪ್ರತಿ ಸುತ್ತಿನಲ್ಲಿ ಪಕ್ಕದವರ ಜೊತೆಗಿನ ಅಂತರದ ಕಾಲು ಭಾಗ ಸರಿಯಬೇಕು. ಮೇಲಿನವನು ನಡುವಿನವನಿಗಿಂತ 12 ಕಡಿಮೆ, ಹಾಗಾಗಿ 3 ಏರಿ 15. ಕೆಳಗಿನವನು 30 ಜಾಸ್ತಿ, ಹಾಗಾಗಿ 7.5 ಇಳಿದು 46.5. ನಡುವಿನವನನ್ನು ಇಬ್ಬರೂ ಎಳೆಯುತ್ತಾರೆ, ಅವನು 28.5. ಕೂಡಿ ನೋಡಿ, ಮೊತ್ತ ಮತ್ತೆ 90. ಎರಡನೇ ಸುತ್ತಿಗೆ 18.375, 29.625, 42. ಮತ್ತೆ 90. ಯಾರಿಗೂ ಒಟ್ಟು ಎಷ್ಟು ಅಂತ ಗೊತ್ತಿಲ್ಲ, ಆದರೂ ಮೂವರೂ 30ರ ಕಡೆಗೆ ನಡೆಯುತ್ತಿದ್ದಾರೆ. ಒಬ್ಬ ಏರಿದಷ್ಟು ಇನ್ನೊಬ್ಬ ಇಳಿಯುತ್ತಾನೆ, ಅದಕ್ಕೇ ಮೊತ್ತ ಅಲುಗುವುದಿಲ್ಲ. ಗದ್ದೆಯಲ್ಲಿ ತೇವ ನಿಜವಾಗಿ ಬದಲಾದಾಗ, ಬದಲಾದಷ್ಟನ್ನು ಆ ನೋಡ್ ತನ್ನ ಅಂಕಿಗೆ ಕೂಡಿಸಿಕೊಂಡರೆ ಆಯಿತು, ಮೊತ್ತವೂ ಅಷ್ಟೇ ಬದಲಾಗುತ್ತದೆ.

ಈಗ ಇದಕ್ಕೆ ಅಪ್ಪನ ನಿಯಮ ಸೇರಿಸೋಣ. ಪ್ರತಿ ಸುತ್ತಿನಲ್ಲೂ ಎಲ್ಲರೂ ಕೂಗುವುದು ಬೇಡ. ಪ್ರತಿ ನೋಡ್ ಎರಡು ಅಂಕಿ ಇಟ್ಟುಕೊಳ್ಳುತ್ತದೆ. ಒಂದು, ಈಗಿನ ನನ್ನ ಅಂಕಿ. ಇನ್ನೊಂದು, ನಾನು ಪಕ್ಕದವರಿಗೆ ಕೊನೆಯ ಸಲ ಹೇಳಿದ ಅಂಕಿ. ಎರಡರ ಅಂತರ ಒಂದು ಮಿತಿ ದಾಟಿದರೆ ಮಾತಾಡು, ಇಲ್ಲದಿದ್ದರೆ ಸುಮ್ನೆ ಇರು. ಮಿತಿ 2 ಅಂತ ಇಡೋಣ. ಮೊದಲ ಸುತ್ತಿನಲ್ಲಿ ಎಲ್ಲರೂ 2ಕ್ಕಿಂತ ಜಾಸ್ತಿ ಬದಲಾದರು, ಎಲ್ಲರೂ ಹೇಳಿದರು. ಎರಡನೇ ಸುತ್ತಿನಲ್ಲಿ ನಡುವಿನವನು 28.5ರಿಂದ 29.625ಕ್ಕೆ ಬಂದ, ಅಂತರ ಒಂದೂ ಚಿಲ್ಲರೆ. ಅವನು ಬಾಯಿ ಬಿಡಲಿಲ್ಲ. ಪಕ್ಕದವರು ಇನ್ನೂ 28.5 ಅಂತಲೇ ತಿಳಿದಿದ್ದಾರೆ. ತಪ್ಪೇನಿಲ್ಲ, ಅವನ ಮೌನಕ್ಕೆ ಅರ್ಥ ಇದೆ: ನಾನು ಹೇಳಿದ್ದಕ್ಕಿಂತ 2ರೊಳಗೇ ಇದ್ದೇನೆ.

ಇಲ್ಲೇ ನಾನು ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದೆ, ಅದನ್ನು ಬಿಡಿಸಿ ಹೇಳಬೇಕು. ಮೂರನೇ ಸುತ್ತಿನಲ್ಲಿ ನಡುವಿನವನು ತನ್ನ ಲೆಕ್ಕ ಮಾಡುವಾಗ ತನ್ನ ಯಾವ ಅಂಕಿ ಹಿಡಿಯಬೇಕು? ನಿಜವಾದ 29.625 ಗೊತ್ತಿದೆಯಲ್ಲ, ಅದೇ ಸರಿ ಅಲ್ವಾ ಅಂತ ನಾನು ಕೋಡ್‌ನಲ್ಲಿ ಅದನ್ನೇ ಹಾಕಿದ್ದೆ. ಹಾಗೆ ಮಾಡಿದರೆ ಮೂರನೇ ಸುತ್ತಿನ ಕೊನೆಗೆ ಮೊತ್ತ 89.44. ಅರ್ಧಕ್ಕಿಂತ ಜಾಸ್ತಿ ಎಲ್ಲಿ ಹೋಯಿತು? ಸುತ್ತು ಸುತ್ತಿಗೂ ಹೀಗೆ ಸೋರಿ ಸೋರಿ, ಎಲ್ಲರೂ ಒಮ್ಮತಕ್ಕೇನೋ ಬರುತ್ತಿದ್ದರು, ಆದರೆ ತಪ್ಪು ಅಂಕಿಗೆ. ನಾನು ಸೆನ್ಸರ್ ಮೇಲೆ ಅನುಮಾನಪಟ್ಟೆ, ಬ್ಯಾಟರಿ ಮೇಲೆ ಅನುಮಾನಪಟ್ಟೆ, ಎರಡು ಸೆನ್ಸರ್ ಬದಲಾಯಿಸಿಯೂ ಬಿಟ್ಟೆ. ಕಾರಣ ಅದಾವುದೂ ಅಲ್ಲ. ಪಕ್ಕದವರು ಅವನ 28.5 ನೋಡಿ ಸರಿದಿದ್ದಾರೆ, ಅವನು ಮಾತ್ರ 29.625 ಹಿಡಿದು ಸರಿದಿದ್ದಾನೆ. ಒಂದೇ ವ್ಯವಹಾರ, ಎರಡು ಪುಸ್ತಕದಲ್ಲಿ ಎರಡು ಅಂಕಿ. ಅವನೂ ತಾನು ಹೇಳಿದ 28.5ನ್ನೇ ಹಿಡಿದು ಲೆಕ್ಕ ಮಾಡಿದರೆ 30.47ಕ್ಕೆ ಬರುತ್ತಾನೆ, ಮೇಲಿನವನು 20.91, ಕೆಳಗಿನವನು 38.62, ಚಿಲ್ಲರೆ ಎಲ್ಲ ಸೇರಿಸಿದರೆ ಮೊತ್ತ ಸರಿಯಾಗಿ 90. ಆಮೇಲೂ ಅವನು ಮಾತಾಡುವ ಹಾಗಿಲ್ಲ, ಅಂತರ 1.97, ಮಿತಿಯೊಳಗೇ ಇದೆ. ತನಗೆ ಹೊಸದು ಗೊತ್ತಿದ್ದರೂ ತಾನು ನಾಲ್ಕು ಜನಕ್ಕೆ ಹೇಳಿದ ಮಾತಿನ ಮೇಲೇ ನಡೆದುಕೊಳ್ಳಬೇಕು. ಇದು ಅರ್ಥವಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು.

ಮೆಸೇಜ್ ದಾರಿಯಲ್ಲಿ ಕಳೆದುಹೋದರೂ ಇದೇ ಕಾಯಿಲೆ. ಅವನು ಹೇಳಿದೆ ಅಂದುಕೊಂಡಿದ್ದಾನೆ, ಇವನಿಗೆ ಕೇಳಿಸಿಲ್ಲ, ಮತ್ತೆ ಎರಡು ಪುಸ್ತಕ. ಅದಕ್ಕೆ ಈಗ ನನ್ನ ನೋಡ್‌ಗಳು ಪಕ್ಕದವನಿಂದ ತಲುಪಿತು ಅನ್ನುವ ಉತ್ತರ ಬರುವವರೆಗೆ ಹೊಸ ಅಂಕಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೂರ್ತಿ ಪರಿಹಾರ ಅಲ್ಲ ಇದು, ಆ ಉತ್ತರವೇ ಕಳೆದುಹೋಗಬಹುದು. ಆದರೆ ನನ್ನ ಗದ್ದೆಗೆ ಸಾಕಾಗಿದೆ.

ಮಿತಿ ಎಷ್ಟಿರಬೇಕು ಅನ್ನುವುದು ಇಡೀ ವಿಷಯದ ಹೃದಯ. ಮಿತಿ ದೊಡ್ಡದಿದ್ದರೆ ಮಾತು ಕಡಿಮೆ, ಆದರೆ ಒಮ್ಮತವೂ ದೊರಗು: ಎಲ್ಲರೂ 30ರ ಹತ್ತಿರ ಸುತ್ತಾಡುತ್ತಿರುತ್ತಾರೆ, ಸರಿಯಾಗಿ 30ಕ್ಕೆ ಬರುವುದಿಲ್ಲ. ಮಿತಿಯನ್ನು ಹೊತ್ತು ಕಳೆದಂತೆ ಚಿಕ್ಕದು ಮಾಡುತ್ತಾ ಹೋದರೆ ಸರಿಯಾಗಿ 30ಕ್ಕೇ ಬರಬಹುದು. ಆದರೆ ಬೇಗ ಚಿಕ್ಕದು ಮಾಡಿದರೆ ಝೀನೋ ಬಂದು ಕೂರುತ್ತಾನೆ. ಝೀನೋ ಹಳೇ ಗ್ರೀಸಿನ ತತ್ವಜ್ಞಾನಿ. ಅರ್ಧ ದಾರಿ, ಅದರಲ್ಲಿ ಅರ್ಧ, ಅದರಲ್ಲೂ ಅರ್ಧ ಅಂತ ಹೋದರೆ ಗುರಿ ಮುಟ್ಟುವುದು ಹೇಗೆ ಅಂತ ಕೇಳಿದವನು. ಇಲ್ಲಿ ಅವನ ಹೆಸರು ಯಾಕೆ ಬಂತು ಅಂದರೆ, ಮಿತಿ ತೀರಾ ಬೇಗ ಕುಗ್ಗಿದರೆ ಎರಡು ಮಾತಿನ ನಡುವಿನ ಹೊತ್ತೂ ಕುಗ್ಗುತ್ತದೆ, ಅರ್ಧ ಸೆಕೆಂಡ್, ಕಾಲು, ಅರೆಕಾಲು, ಕೊನೆಗೆ ಮುಗಿಯುವಷ್ಟು ಹೊತ್ತಿನೊಳಗೆ ಮುಗಿಯದಷ್ಟು ಮಾತು. ಯಾವ ರೇಡಿಯೋಗೂ ಅದು ಆಗದು. ಈ ವಿಷಯದ ಯಾವ ಲೇಖನ ತೆಗೆದರೂ ಝೀನೋ ಬರುವುದಿಲ್ಲ ಅನ್ನುವುದಕ್ಕೆ ಪುರಾವೆ ಇದೆಯಾ ಅಂತ ಮೊದಲು ನೋಡಬೇಕು. ಇಲ್ಲದಿದ್ದರೆ ಆ ನಿಯಮವನ್ನು ಹಾಗೇ ನಂಬುವ ಹಾಗಿಲ್ಲ.

2012ರಲ್ಲಿ ಡಿಮರೋಗೋನಸ್, ಫ್ರಾಝೋಲಿ ಮತ್ತು ಯೋಹಾನ್ಸನ್ ಬರೆದ ಲೇಖನ ಈ ದಾರಿಯ ದೊಡ್ಡ ಮೈಲಿಗಲ್ಲು. ಪ್ರತಿ ಏಜೆಂಟ್, ಅಂದರೆ ನಮ್ಮ ನೋಡ್‌ನಂಥದ್ದು, ತನ್ನ ಈಗಿನ ಅಂಕಿಗೂ ಕೊನೆಗೆ ಹೇಳಿದ ಅಂಕಿಗೂ ಇರುವ ಅಂತರವನ್ನು ಪಕ್ಕದವರ ಜೊತೆಗಿನ ಭಿನ್ನಾಭಿಪ್ರಾಯಕ್ಕೆ ಹೋಲಿಸಿ ಮಾತಾಡಬೇಕೋ ಬೇಡವೋ ನೋಡುತ್ತದೆ. ಪಕ್ಕದವರ ಜೊತೆ ಜಾಸ್ತಿ ಭೇದ ಇದ್ದಾಗ ಅಂತರ ದೊಡ್ಡದಿದ್ದರೂ ಪರವಾಗಿಲ್ಲ, ಒಮ್ಮತ ಹತ್ತಿರ ಬಂದಾಗ ಸೂಕ್ಷ್ಮ ಬೇಕು. ಯೋಚನೆ ಬಹಳ ಚಂದ. ಆದರೆ ಒಂದು ತೊಡಕು: ಮಾತಾಡಬೇಕಾ ಅಂತ ತಿಳಿಯಲು ಪಕ್ಕದವರ ಸ್ಥಿತಿಯನ್ನು ಬಿಡದೆ ನೋಡುತ್ತಿರಬೇಕು. ಬಿಡದೆ ಕೇಳಿಸಿಕೊಳ್ಳುತ್ತಿದ್ದರೆ ಉಳಿತಾಯ ಎಲ್ಲಿ ಬಂತು? 2013ರಲ್ಲಿ ಸೈಬೋತ್, ಡಿಮರೋಗೋನಸ್ ಮತ್ತು ಯೋಹಾನ್ಸನ್ ಇದನ್ನು ಬಿಡಿಸಿದರು. ಅವರ ನಿಯಮದಲ್ಲಿ ನನ್ನ ಈಗಿನ ಅಂಕಿ, ನಾನು ಕೊನೆಗೆ ಹೇಳಿದ ಅಂಕಿ, ಹೊತ್ತು ಕಳೆದಂತೆ ಕುಗ್ಗುವ ಒಂದು ಮಿತಿ, ಇಷ್ಟೇ ಸಾಕು. ಮಿತಿ ಸೊನ್ನೆಯವರೆಗೂ ಕುಗ್ಗಬೇಕು ಅಂದರೆ ಎಷ್ಟು ಬೇಗ ಕುಗ್ಗಬಹುದು ಅನ್ನುವುದಕ್ಕೂ ಅವರು ಲೆಕ್ಕ ಕೊಟ್ಟರು: ನೆಟ್‌ವರ್ಕ್ ಒಮ್ಮತಕ್ಕೆ ಬರುವ ವೇಗಕ್ಕಿಂತ ನಿಧಾನವಾಗಿ.

ಆ ವೇಗಕ್ಕೆ ಒಂದು ಅಂಕಿ ಇದೆ, ಲ್ಯಾಮ್ಡಾ-2 ಅಂತ. ಯಾರಿಗೆ ಯಾರು ಪಕ್ಕದವರು ಅನ್ನುವ ನಕ್ಷೆಯಿಂದ ಲಾಪ್ಲಾಸಿಯನ್ ಅನ್ನುವ ಕೋಷ್ಟಕ ಬರುತ್ತದೆ, ಆ ಕೋಷ್ಟಕದಿಂದ ಐಗನ್ ಬೆಲೆ ಅನ್ನುವ ಕೆಲವು ಅಂಕಿ ಲೆಕ್ಕ ಹಾಕಿ ತೆಗೆಯಬಹುದು, ಅವುಗಳಲ್ಲಿ ಎರಡನೇ ಚಿಕ್ಕದು ಇದು. 1973ರಲ್ಲಿ ಮಿರೋಸ್ಲಾವ್ ಫೀಡ್ಲರ್ ಇದನ್ನು ನಕ್ಷೆ ಎಷ್ಟು ಗಟ್ಟಿಯಾಗಿ ಜೋಡಿಸಿಕೊಂಡಿದೆ ಅನ್ನುವುದರ ಅಳತೆ ಅಂತ ತೋರಿಸಿದರು. ಆರು ನೋಡ್ ಸಾಲಾಗಿ ನಿಂತರೆ ಈ ಅಂಕಿ 0.27. ಸಾಲಿನ ಎರಡು ತುದಿ ಸೇರಿಸಿ ಉಂಗುರ ಮಾಡಿದರೆ 1. ಎಲ್ಲರೂ ಎಲ್ಲರಿಗೂ ಕೇಳಿಸಿದರೆ 6. ಒಂದೇ ಒಂದು ಕೊಂಡಿ ಜಾಸ್ತಿ ಮಾಡಿದ್ದಕ್ಕೆ 0.27 ಹೋಗಿ 1 ಆಗುತ್ತದೆ, ಹತ್ತಿರ ಹತ್ತಿರ ನಾಲ್ಕು ಪಟ್ಟು! ಕಬ್ಬಿನ ಗದ್ದೆಯಲ್ಲಿ ಸಾಲಾಗಿ ನಿಂತಿದ್ದ ನನ್ನ ನೋಡ್‌ಗಳು ಯಾಕೆ ಅಷ್ಟು ನಿಧಾನ ಅನ್ನುವುದಕ್ಕೆ ಉತ್ತರ ಆ ಅಂಕಿಯಲ್ಲೇ ಇತ್ತು.

ಕುಗ್ಗುವ ಮಿತಿಯನ್ನು ನಾನು ಲ್ಯಾಪ್‌ಟಾಪಿನಲ್ಲಿ ಮಾತ್ರ ಓಡಿಸಿ ನೋಡಿದೆ. ಗದ್ದೆಯಲ್ಲಿ ತೇವ ದಿನಾ ಬದಲಾಗುತ್ತದೆ, ನನ್ನ ಸೆನ್ಸರ್‌ಗಳೇ ಶೇಕಡಾ ಎರಡರಷ್ಟು ಆಚೀಚೆ ಹೇಳುತ್ತವೆ, ಅದಕ್ಕಿಂತ ಸೂಕ್ಷ್ಮ ಒಮ್ಮತ ಇಟ್ಟುಕೊಂಡು ಏನು ಮಾಡಲಿ? ಸ್ಥಿರವಾದ ಮಿತಿ 2 ಸಾಕು. ಸೆನ್ಸರ್ ತಗೊಳ್ಳುವವರಿಗೆ ಒಂದು ಮಾತು: ಎರಡು ಕಡ್ಡಿಯ ಅಗ್ಗದ ಬಗೆ ಬೇಡ, ಮಣ್ಣಿನಲ್ಲಿ ತುಕ್ಕು ಹಿಡಿದು ಹೋಗುತ್ತದೆ. ಕೆಪಾಸಿಟಿವ್ ಬಗೆಯದು ತಗೊಳ್ಳಿ, ಅದರಲ್ಲಿ ಲೋಹ ಮಣ್ಣಿಗೆ ತಾಗುವುದಿಲ್ಲ.

ಕೇಳಿಸಿಕೊಳ್ಳುವುದರ ಖರ್ಚನ್ನು ಮರೆಯಬಾರದು. ರೇಡಿಯೋ ಕಳಿಸುವಾಗ ಕರೆಂಟ್ ತಿನ್ನುತ್ತದೆ ಅಂತ ಎಲ್ಲರಿಗೂ ಗೊತ್ತು, ಸುಮ್ನೆ ಕಿವಿ ತೆರೆದು ಕೂತರೂ ತಿನ್ನುತ್ತದೆ. ನಾನು ಬಳಸುವ ಇಎಸ್‌ಪಿ-32 ಚಿಪ್ ಗಾಢ ನಿದ್ದೆಯಲ್ಲಿ ಹತ್ತು ಮೈಕ್ರೋ ಆಂಪಿಯರ್ ಆಸುಪಾಸು, ರೇಡಿಯೋ ಕಿವಿ ತೆರೆದರೆ ನೂರು ಮಿಲಿ ಆಂಪಿಯರ್ ಆಸುಪಾಸು. ಹತ್ತು ಸಾವಿರ ಪಟ್ಟು. ಮಾತು ಕಡಿಮೆ ಮಾಡಿ ಕಿವಿ ಇಡೀ ದಿನ ತೆರೆದಿಟ್ಟರೆ ಬ್ಯಾಟರಿ ಒಂದೆರಡು ದಿನಕ್ಕೆ ಖಾಲಿ. ಅದಕ್ಕೆ ಎಲ್ಲ ನೋಡ್‌ಗಳೂ ಒಂದೇ ಹೊತ್ತಿಗೆ ನಿಮಿಷಕ್ಕೊಂದು ಸಲ ಒಂದು ಚಿಟಿಕೆ ಹೊತ್ತು ಏಳುತ್ತವೆ. ಹೇಳೋದಿದ್ದವರು ಹೇಳುತ್ತಾರೆ, ಯಾರೂ ಹೇಳದಿದ್ದರೆ ಮತ್ತೆ ಮಲಗುತ್ತವೆ. ಗಡಿಯಾರವೂ ಇದೆ, ಘಟನೆಯೂ ಇದೆ. ಹೇಮಲ್ಸ್, ಡೋಂಕರ್ಸ್ ಮತ್ತು ಟೀಲ್ 2013ರಲ್ಲಿ ಇಂಥದ್ದಕ್ಕೇ ಸಿದ್ಧಾಂತ ಬರೆದಿದ್ದಾರೆ. ಇದರಲ್ಲಿ ಝೀನೋ ಬರುವ ದಾರಿಯೇ ಇಲ್ಲ, ಎರಡು ಮಾತಿನ ನಡುವೆ ಒಂದು ನಿಮಿಷವಾದರೂ ಇದ್ದೇ ಇರುತ್ತದೆ. ಗಡಿಯಾರಗಳೂ ಒಂದಕ್ಕೊಂದು ಹೊಂದಬೇಕಲ್ಲ, ಗಡಿಯಾರ ನಡೆಸುವ ಹರಳು ಹತ್ತು ಲಕ್ಷಕ್ಕೆ ಇಪ್ಪತ್ತು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಓಡಿಹೋಗುತ್ತದೆ. ಅದನ್ನು ಸರಿ ಮಾಡುವುದೂ ಒಂದು ಒಮ್ಮತವೇ, ಪಕ್ಕದವರ ಗಡಿಯಾರದ ಕಡೆಗೆ ಸ್ವಲ್ಪ ಸ್ವಲ್ಪ ಸರಿಯುವುದು. ಅದೇ ಕೋಡ್ ಮತ್ತೆ ಬಳಸಿದೆ.

ಕಳೆದ ಬೇಸಿಗೆಯಲ್ಲಿ ನಡೆದದ್ದನ್ನು ಈಗ ಹೇಳಬೇಕು. ಹತ್ತು ದಿನ ಎಲ್ಲಾ ಚೆನ್ನಾಗಿತ್ತು. ಮೈಸೂರಿನಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದೆ, ಗದ್ದೆಯ ಸರಾಸರಿ ತೇವ ಚೆನ್ನಾಗಿದೆ, ವಾಲ್ವ್ ತೆರೆಯಬೇಕಿಲ್ಲ. ಮೆಸೇಜ್ ಬಹಳ ಕಡಿಮೆ, ನನಗೆ ಖುಷಿ. ಹನ್ನೊಂದನೇ ದಿನ ಅಪ್ಪನ ಫೋನ್ ಬಂತು. "ಕಬ್ಬು ಗರಿ ಸುರುಳಿ ಸುತ್ತಾವೆ. ನೀರು ಬುಡ್ತಾ ಇಲ್ವಲ್ಲ ನಿನ್ ಮಿಷಿನ್ನು?" ನಾನು ತೇವ ಇದೆ ಅಂದೆ. ಅವರು ಹೆಚ್ಚು ಮಾತಾಡಲಿಲ್ಲ, "ಬಂದು ನೋಡು" ಅಂದರು.

ಹೋಗಿ ನೋಡಿದರೆ ನಾಲ್ಕನೇ ನೋಡ್ ಸತ್ತಿತ್ತು. ಹೆಗ್ಗಣ ಬ್ಯಾಟರಿ ವೈರ್ ಕಡಿದಿತ್ತು. ಸತ್ತದ್ದು ನೀರು ಬಿಟ್ಟ ಮಾರನೇ ದಿನ, ಅದು ಕೊನೆಯದಾಗಿ ಹೇಳಿದ್ದು ಚೆನ್ನಾಗಿ ನೆನೆದಿದ್ದೇನೆ ಅಂತ. ಆಮೇಲೆ ಮಾತಿಲ್ಲ. ಮೂರು ಮತ್ತು ಐದನೇ ನೋಡ್‌ಗಳಿಗೆ ಅದರ ಮೌನ ಏನು ಹೇಳಿತು? ನಾನು ಹೇಳಿದ್ದಕ್ಕಿಂತ 2ರೊಳಗೇ ಇದ್ದೇನೆ. ಅವು ಅದನ್ನು ನಂಬಿ ಅದರ ಕಡೆಗೆ ಸರಿಯುತ್ತಾ ಹೋದವು. ತಮ್ಮ ಮಣ್ಣು ಒಣಗಿದಷ್ಟು ಕಳೆದುಕೊಂಡರೂ ಮತ್ತೆ ನಾಲ್ಕನೆಯದರ ಹಳೇ ಅಂಕಿ ಅವನ್ನು ಮೇಲಕ್ಕೆ ಎಳೆಯುತ್ತಿತ್ತು. ಎರಡು ಮೂರನ್ನು ನೋಡಿ, ಒಂದು ಎರಡನ್ನು ನೋಡಿ, ಆರು ಐದನ್ನು ನೋಡಿ. ಬದುಕಿರುವ ಐವರೂ ಬದಲಾಗುತ್ತಾರೆ, ಸತ್ತವನು ಬದಲಾಗುವುದಿಲ್ಲ. ಹೀಗಿರುವಾಗ ಎಲ್ಲರೂ ಬದಲಾಗದವನ ಹತ್ತಿರವೇ ಬಂದು ಸೇರುತ್ತಾರೆ. ಗಣಿತದಲ್ಲಿ ಇದಕ್ಕೆ ನಾಯಕ ಮತ್ತು ಹಿಂಬಾಲಕರ ಒಮ್ಮತ ಅಂತ ಹೆಸರಿದೆ, ಬೇಕು ಅಂತಲೇ ಹೀಗೆ ಮಾಡುವ ಕಡೆಗಳೂ ಇವೆ. ನನ್ನ ಗದ್ದೆಯಲ್ಲಿ ಮಾತ್ರ ಸತ್ತ ನೋಡ್ ನಾಯಕನಾಗಿ ಕೂತಿತ್ತು. ಕೋಡ್ ತಪ್ಪಿರಲಿಲ್ಲ. ನಿಯಮ ಬರೆದಂತೆಯೇ ನಡೆದಿತ್ತು.

ಗದ್ದೆ ಬದುವಿನ ಮೇಲೆ ಕೂತು ಅಪ್ಪನಿಗೆ ಇದನ್ನೆಲ್ಲಾ ಹೇಳಿದೆ. ಅವರು ಕೇಳಿದ್ದು ಒಂದೇ: "ನಾನು ವಾರ ಫೋನ್ ಮಾಡ್ಲಿಲ್ಲ ಅಂದ್ರೆ ನೀನು ಸುಮ್ಕಿರ್ತೀಯಾ?" ಇಲ್ಲ. ಮೂರು ದಿನ ಆದರೆ ನಾನೇ ಮಾಡುತ್ತೇನೆ. ಕೋಡ್‌ನಲ್ಲಿ ಅದು ಇರಲಿಲ್ಲ.

ಈಗ ಇದೆ. ಹಾರ್ಟ್‌ಬೀಟ್ ಅಂತಾರೆ. ಹೇಳೋದು ಏನೂ ಇಲ್ಲದಿದ್ದರೂ ಪ್ರತಿ ನೋಡ್ ಆರು ಗಂಟೆಗೊಂದು ಸಲ ಇದ್ದೇನೆ ಅನ್ನುತ್ತದೆ. ದಿನಕ್ಕೆ ನಾಲ್ಕೇ ಮಾತು. ಎರಡು ಸಲ ಬರಲಿಲ್ಲ ಅಂದರೆ ಪಕ್ಕದವರು ಅದರ ಅಂಕಿಯನ್ನು ಲೆಕ್ಕದಿಂದ ತೆಗೆದು ನನಗೆ ಮೆಸೇಜ್ ಹಾಕುತ್ತಾರೆ. ಆದರೆ ಸಾಲಿನ ನಡುವಿನ ಒಬ್ಬನನ್ನು ತೆಗೆದರೆ ಸಾಲು ಎರಡು ತುಂಡಾಗುತ್ತದೆ, ಲ್ಯಾಮ್ಡಾ-2 ಸೊನ್ನೆ, ಆ ಕಡೆಯವರದ್ದು ಒಂದು ಒಮ್ಮತ, ಈ ಕಡೆಯವರದ್ದು ಇನ್ನೊಂದು. ಹಾಗಾಗಿ ಒಂದು ಮತ್ತು ಆರನೇ ನೋಡ್‌ಗಳಿಗೆ ಎತ್ತರದ ಬಿದಿರು ಗಳ ನೆಟ್ಟು ಆಂಟೆನಾವನ್ನು ಕಬ್ಬಿನ ತಲೆ ಮೇಲೆ ಏರಿಸಿದೆವು. ಕಬ್ಬಿನ ಮೇಲೆ ಬರಿ ಗಾಳಿ, ಅವೆರಡಕ್ಕೂ ಈಗ ನೇರ ಕೇಳಿಸುತ್ತದೆ. ಸಾಲು ಉಂಗುರವಾಯಿತು. ಒಂದು ನೋಡ್ ಸತ್ತರೆ ಉಂಗುರ ಸಾಲಾಗುತ್ತದೆ, ತುಂಡಾಗುವುದಿಲ್ಲ. ಗಳ ಕಡಿದು ನೆಟ್ಟದ್ದು ಅಪ್ಪ.

ಇನ್ನೊಂದು ಯೋಚನೆ ತಲೆಯಲ್ಲಿದೆ. ನಮ್ಮ ಟಿಸಿಗೆ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್‌ಗೆ, ಅಕ್ಕಪಕ್ಕದ ಹನ್ನೊಂದು ಪಂಪ್‌ಸೆಟ್ ಸೇರಿವೆ, ಎಲ್ಲರದ್ದೂ ಆಟೋ ಸ್ಟಾರ್ಟರ್. ತ್ರೀ ಫೇಸ್ ಬಂದ ತಕ್ಷಣ ಹನ್ನೊಂದೂ ಒಟ್ಟಿಗೆ ಏಳುತ್ತವೆ. ಮೋಟರ್ ಏಳುವಾಗ ಓಡುವಾಗಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಹನ್ನೊಂದೂ ಒಂದೇ ಸಲ ಎಳೆದರೆ ಟಿಸಿ ಎಷ್ಟು ದಿನ ತಡೆಯುತ್ತದೆ? ಸ್ಟಾರ್ಟರ್‌ಗಳು ಪಕ್ಕದವರ ಜೊತೆ ಮಾತಾಡಿ ಒಬ್ಬೊಬ್ಬರಾಗಿ ಏಳುವ ಸರದಿಗೆ ಒಪ್ಪಿಕೊಂಡರೆ ಸಾಕು. ಯಾರ ಮೋಟರ್ ಓಡಬೇಕೋ ಬೇಡವೋ ಬದಲಾದಾಗ ಮಾತ್ರ ಮಾತು. ಮೂವರು ಅಕ್ಕಪಕ್ಕದವರು ಸರಿ ಅಂದಿದ್ದಾರೆ, ಉಳಿದವರನ್ನು ಅಪ್ಪ ಕೇಳುತ್ತಿದ್ದಾರೆ. ಕಟಾವು ಮುಗಿದ ಮೇಲೆ ಹಾಕೋಣ ಅಂತ ಮಾತಾಗಿದೆ. ಮೊನ್ನೆ ರಾತ್ರಿ ಅವರೇ ಫೋನ್ ಮಾಡಿದರು. "ಕರೆಂಟೇ ಇಲ್ದಾಗ ಅವು ಮಾತಾಡ್ಕೊಳ್ಳೋದು ಹೆಂಗ್ಲಾ?" ಬ್ಯಾಟರಿ ಇಡಬೇಕು ಅಂದೆ. "ಹೆಗ್ಗಣಕ್ಕೆ ಎಟುಕದಂಗೆ ಇಡು" ಅಂದು ಫೋನ್ ಇಟ್ಟರು.